ಮೊದಲು ಕಿವಿಯೋ, ನಡಿಗೆಯೋ? ಎರಡೂವರೆ ದಾಟಿದ ಮಗನ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ

ಸಾಗರ ತಾಲೂಕಿನ ತಾಯಿ

ನನ್ನ ಮಗನಿಗೆ ಈಗ ಎರಡು ವರ್ಷ ಹತ್ತು ತಿಂಗಳು. ಅವನ ಕತ್ತು ನಿಂತದ್ದು ಏಳನೆಯ ತಿಂಗಳಿಗೆ, ತಾನಾಗಿ ಕೂತದ್ದು ಒಂದೂಕಾಲು ವರ್ಷಕ್ಕೆ, ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟದ್ದು ಕಳೆದ ದೀಪಾವಳಿಯ ಹೊತ್ತಿಗೆ. ಮಾತು ಇನ್ನೂ ಒಂದೂ ಬಂದಿಲ್ಲ.

ಹುಟ್ಟಿದ ಮೂರನೆಯ ದಿನ ಅವನಿಗೆ ಕಾಮಾಲೆ ಏರಿತು. ನನ್ನ ರಕ್ತ ಒ ಗುಂಪಿನದು, ಅವನದು ಬಿ. ನಮ್ಮೂರಿನಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಮಗು ಹಾಲು ಕುಡಿಯುವುದನ್ನು ಬಿಟ್ಟಿತ್ತು; ಅಲ್ಲಿ ರಕ್ತ ಬದಲಾಯಿಸಿ ಹನ್ನೆರಡು ದಿನ ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನಲ್ಲಿ ಇಟ್ಟುಕೊಂಡರು. ಮನೆಗೆ ಕಳಿಸುವ ದಿನ ಕಿವಿಗೆ ಒಂದು ಸಣ್ಣ ಯಂತ್ರ ಹಿಡಿದು ಪರೀಕ್ಷೆ ಮಾಡಿ ಚೀಟಿಯಲ್ಲಿ 'ಪಾಸ್' ಎಂದು ಬರೆದುಕೊಟ್ಟರು. ಆ ಚೀಟಿಯನ್ನು ನಂಬಿ ನಾವು ಎರಡು ವರ್ಷ ಕಳೆದೆವು. ಮಗು ಕೂರುತ್ತಿಲ್ಲವೆಂದು ತೋರಿಸಲು ಹೋದಾಗಲೂ, ಎಲ್ಲವೂ ತಡವಾಗಿರುವುದರಿಂದ ಮಾತೂ ತಡವಾಗಿದೆ, ಕಿವಿ ಹೇಗೂ ಪಾಸಾಗಿದೆಯಲ್ಲ ಎಂದರು. ಮನೆಯಲ್ಲಿ ಅತ್ತೆಯವರು ದಿನವೂ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಅವನ ಅಪ್ಪನಿಗೂ ಮೂರು ತುಂಬಿದ ಮೇಲೆಯೇ ಮಾತು ಬಂದದ್ದು ಎಂದು ಎಲ್ಲರೂ ಹೇಳುತ್ತಿದ್ದರು.

ಅವನು ಒಂದು ದಿನ ಮಿಕ್ಸಿಯ ಸದ್ದಿಗೆ ತಿರುಗುತ್ತಿದ್ದ, ಮರುದಿನ ಹಿಂದೆ ನಿಂತು ತಟ್ಟೆ ಬಡಿದರೂ ತಿರುಗುತ್ತಿರಲಿಲ್ಲ. ಕೇಳಿಸಿದರೂ ಕೇಳಿಸದಂತೆ ಇರುತ್ತಾನೆ, ಇದು ಹಠ ಎಂದುಕೊಂಡು ನಾನು ಅವನನ್ನು ಎಷ್ಟೋ ಸಲ ಗದರಿದ್ದೇನೆ, ಎರಡು ಸಲ ಹೊಡೆದೂ ಇದ್ದೇನೆ. ಎರಡು ತಿಂಗಳ ಹಿಂದೆ ಮೈಸೂರಿನಲ್ಲಿ, ಸದ್ದಿಗೆ ಕೇಳುವ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ಅಲೆಗಳ ಗೆರೆಯಲ್ಲಿ ನೋಡುವ ಬೆರಾ ಪರೀಕ್ಷೆ ಮಾಡಿಸಿದೆವು. ನಿದ್ದೆಯಲ್ಲೇ ಮಾಡಬೇಕಾದ ಪರೀಕ್ಷೆಯಾದ್ದರಿಂದ ರಾತ್ರಿ ರೈಲಿನಲ್ಲಿ ಅವನನ್ನು ಮಲಗಗೊಡದೆ ಕರೆದೊಯ್ದಿದ್ದೆವು. ಎರಡೂ ಕಿವಿಯಲ್ಲಿ ಅಲೆ ಬರಲಿಲ್ಲ.

ಈಗ ಕಿವಿಯ ಕಡೆಯವರು ತಕ್ಷಣ ಕೇಳುವ ಯಂತ್ರ ಹಾಕಿಸಿ, ಉಪಯೋಗವಾಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಯೋಚಿಸೋಣ, ತಾಯಿ ಮಗು ಇಬ್ಬರೂ ಬಂದು ತರಬೇತಿಗೆ ಉಳಿಯಿರಿ ಎನ್ನುತ್ತಾರೆ. ನಡಿಗೆಗಾಗಿ ನೋಡುತ್ತಿರುವವರು, ಮೊದಲು ಗಟ್ಟಿಯಾಗಿ ನಡೆಯಲಿ, ಬುದ್ಧಿ ಬೆಳೆಯಲಿ, ಕಿವಿಯನ್ನು ಆಮೇಲೆ ನೋಡಬಹುದು ಎನ್ನುತ್ತಾರೆ. ಯಾರ ಮಾತು ಕೇಳಬೇಕು? ನಮ್ಮದು ಅಡಿಕೆ ತೋಟ, ಮಳೆಗಾಲದಲ್ಲಿ ಕೊಳೆಗೆ ಔಷಧಿ ಹೊಡೆಯುವ ಹೊತ್ತಿಗೆ ಯಜಮಾನರು ಊರು ಬಿಡುವಂತಿಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ. ಮಗಳು ಮೂರನೆಯ ತರಗತಿ. ಅವಳನ್ನು ಬಿಟ್ಟು ನಾನು ಮೈಸೂರಿನಲ್ಲಿ ವರ್ಷಗಟ್ಟಲೆ ಇರುವುದು ಸಾಧ್ಯವೇ?

ಮೈಸೂರಿನ ಶ್ರವಣ ತಜ್ಞೆ

ಮೊದಲಿಗೆ ಆ 'ಪಾಸ್' ಚೀಟಿಯ ವಿಷಯ. ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಮಾಡುವ ಒಎಇ ಪರೀಕ್ಷೆ ಒಳಗಿವಿಯ ಹೊರ ರೋಮಕೋಶಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನಷ್ಟೇ ನೋಡುತ್ತದೆ. ಅಲ್ಲಿಂದ ಮುಂದೆ ಸದ್ದು ನರದ ಮೂಲಕ ಮಿದುಳಿನ ಕಾಂಡಕ್ಕೆ ತಲುಪುತ್ತಿದೆಯೇ ಎಂಬುದು ತಿಳಿಯಬೇಕಾದರೆ ಬೆರಾ ಬೇಕು. ತೀವ್ರ ಕಾಮಾಲೆಯಲ್ಲಿ ರಕ್ತದಲ್ಲಿನ ಬಿಲಿರುಬಿನ್ ಎಂಬ ಹಳದಿ ವಸ್ತು ಮಿದುಳನ್ನು ಹೊಕ್ಕು ಕೇಳುವ ನರದ ದಾರಿಯನ್ನೂ, ಚಲನೆಯನ್ನು ಹದಗೊಳಿಸುವ ಮಿದುಳಿನ ಆಳದ ಭಾಗಗಳನ್ನೂ ಕೆಡಿಸುತ್ತದೆ. ರೋಮಕೋಶಗಳು ಚೆನ್ನಾಗಿರುವುದರಿಂದ ಒಎಇ ಪಾಸಾಗುತ್ತದೆ, ಬೆರಾದಲ್ಲಿ ಅಲೆ ಇರುವುದಿಲ್ಲ. ಇದನ್ನು ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಎನ್‌ಐಸಿಯುವಿನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಬೆರಾ ಮಾದರಿಯ ಪರೀಕ್ಷೆಯನ್ನೇ ಮಾಡಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2007ರಿಂದ ಇದೆ. ಇದನ್ನು ಓದುವ ಇತರ ತಾಯಂದಿರು ಇದೊಂದನ್ನಾದರೂ ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇವತ್ತು ಕೇಳಿಸಿ ನಾಳೆ ಕೇಳಿಸದಂತೆ ಕಾಣುವುದು ಈ ತೊಂದರೆಯ ಸ್ವಭಾವ. ಸದ್ದು ತಲುಪಿದರೂ ಕೆಲವೊಮ್ಮೆ ಒಡೆದು ಚೂರಾಗಿ ತಲುಪುತ್ತದೆ. ನಿಮ್ಮ ಮಗ ಹಠ ಮಾಡಿದ್ದಲ್ಲ. ನೀವೂ ತಿಳಿದು ಮಾಡಿದ್ದಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಬ್ಬರು ವೈದ್ಯರು ಇಬ್ಬರು ಬೇರೆ ಮಕ್ಕಳ ಬಗ್ಗೆ ಮಾತನಾಡುತ್ತಿರುವಂತೆ ನನಗೆ ಕಾಣುತ್ತಿದೆ. ಇರುವುದು ಒಂದೇ ಮಗು, ಎರಡಕ್ಕೂ ಮೂಲ ಬಹುಶಃ ಒಂದೇ ಕಾಮಾಲೆ. ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ, ಕಾಯಲೂಬಾರದು. ನಡಿಗೆ ನಾಲ್ಕನೆಯ ವರ್ಷದಲ್ಲೂ ಸುಧಾರಿಸುತ್ತದೆ. ಆದರೆ ಮಿದುಳಿನ ಕೇಳುವ ಭಾಗ ಸದ್ದಿಲ್ಲದೆ ಬರಿದೇ ಕೂತಷ್ಟೂ ದಿನ ಮಾತಿನ ದಾರಿ ಕಿರಿದಾಗುತ್ತಾ ಹೋಗುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ ಎಂದು ನಾವು ಹೇಳುವುದು ಅದಕ್ಕಾಗಿಯೇ. ಆ ಗಡುವು ಮೀರಿದೆ, ನಿಜ; ಹಾಗೆಂದು ಇನ್ನೂ ಮೀರಗೊಡುವುದು ಬೇಡ.

ಆಡಿಟರಿ ನ್ಯೂರೋಪತಿಯಲ್ಲಿ ಬೆರಾ ಗೆರೆ ಚಪ್ಪಟೆಯಾಗಿದ್ದರೂ ಮಗುವಿಗೆ ಏನೂ ಕೇಳಿಸುವುದಿಲ್ಲವೆಂದು ಅರ್ಥವಲ್ಲ. ಸದ್ದು ಕೇಳಿದಾಗ ಉಂಗುರವನ್ನು ಕಡ್ಡಿಗೆ ಹಾಕಿಸುವ ಆಟದ ಪರೀಕ್ಷೆಯಿಂದ ಅದು ತಿಳಿಯಬೇಕು. ನಿಮ್ಮ ಮಗನ ಕೈ ಬಿಗಿಯಾಗಿದ್ದು ಉಂಗುರ ಹಾಕಲು ಬಾರದಿದ್ದರೆ ಪರೀಕ್ಷಕರು ಅವನ ಕಣ್ಣರಳುವುದನ್ನೋ, ಚೀಪುತ್ತಿದ್ದ ಬೆರಳನ್ನು ನಿಲ್ಲಿಸುವುದನ್ನೋ ಉತ್ತರವಾಗಿ ತೆಗೆದುಕೊಳ್ಳಬೇಕು. ಅದನ್ನು ನೀವೇ ಮೊದಲು ಹೇಳಿ, ಏಕೆಂದರೆ ಅವನ ಉತ್ತರದ ರೀತಿ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಂಪ್ಲಾಂಟ್ ತೀರ್ಮಾನವಾದರೆ ಎಂಆರ್‌ಐ, ಸಿಟಿ ಎರಡೂ ಆಗಬೇಕು, ಮೆನಿಂಜೈಟಿಸ್ ತಡೆಯಲು ನ್ಯುಮೋಕಾಕಲ್ ಲಸಿಕೆ ಮುಗಿದಿರಬೇಕು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಕಿವಿ ಕೈಕೊಟ್ಟ ಮಗು ಜಗತ್ತನ್ನು ಹಿಡಿಯುವುದೇ ಕಣ್ಣಿನಿಂದ.

ಹಾಸನದ ತಂದೆ

ನನ್ನ ಮಗಳಿಗೂ ಎರಡೂ ತೊಂದರೆಗಳಿವೆ. ಮೂರನೆಯ ವರ್ಷದಲ್ಲಿ ಇಂಪ್ಲಾಂಟ್ ಆಯಿತು, ಈಗ ಎಂಟು ವರ್ಷ. ನನ್ನ ಹೆಂಡತಿ ಮೂರು ವರ್ಷ ಮಾನಸಗಂಗೋತ್ರಿಯ ಹತ್ತಿರ ಒಂದು ಕೋಣೆ ಹಿಡಿದು ಮಗಳೊಂದಿಗೆ ಇದ್ದಳು. 1965ರಲ್ಲಿ ಶುರುವಾದ ನಮ್ಮ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇರುವುದು ಕನ್ನಡದ ತಾಯಂದಿರ ಪುಣ್ಯವೆಂದೇ ನಾನು ನಂಬಿದ್ದೇನೆ, ಏಕೆಂದರೆ ಮಗುವಿನ ಪಕ್ಕದಲ್ಲಿ ತಾಯಿಯೂ ಕೂತು ಕಲಿಯುವ ತರಗತಿ, ಅದೂ ಕನ್ನಡದಲ್ಲಿ, ಬೇರೆಲ್ಲಿ ಹುಡುಕುವುದು?

ಸಂಸಾರ ಎರಡಾಗುವುದರ ಬೆಲೆಯನ್ನೂ ಹೇಳಬೇಕು. ನನ್ನ ಮಗ ಆಗ ಐದನೆಯ ತರಗತಿಯಲ್ಲಿದ್ದ. ಶನಿವಾರ ರಾತ್ರಿ ಬಸ್ಸಿನಲ್ಲಿ ಹೋಗಿ ಭಾನುವಾರ ಸಂಜೆ ವಾಪಸ್ಸು ಬರುತ್ತಿದ್ದೆವು. ಒಂದು ದಿನ ಅವನು, ನನಗೂ ಕಿವಿ ಕೇಳಿಸದಿದ್ದರೆ ಅಮ್ಮ ನನ್ನ ಜೊತೆ ಇರುತ್ತಿದ್ದಳು ಎಂದ. ಬಸ್ಸಿನ ತುಂಬ ಜನ. ನಾನು ಏನೂ ಹೇಳಲಾಗಲಿಲ್ಲ. ಆಮೇಲೆ ನಾವು ಒಂದು ಬದಲಾವಣೆ ಮಾಡಿದೆವು: ಭಾನುವಾರ ಬೆಳಗಿನ ಮೂರು ಗಂಟೆ ಮಗಳನ್ನು ನಾನು ನೋಡಿಕೊಳ್ಳುತ್ತಿದ್ದೆ, ತಾಯಿ ಮಗ ಇಬ್ಬರೇ ಹೊರಗೆ ಹೋಗುತ್ತಿದ್ದರು. ಆ ಮೂರು ಗಂಟೆಯನ್ನು ಯಾವ ಕಾರಣಕ್ಕೂ ತಪ್ಪಿಸಲಿಲ್ಲ. ನಿಮ್ಮ ಮಗಳಿಗೂ ಅಂಥದ್ದೊಂದನ್ನು ಮೊದಲ ವಾರದಿಂದಲೇ ಇಡಿ.

ಹಣದ ವಿಷಯ. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಐದು ವರ್ಷದೊಳಗಿನ, ಆದಾಯ ಮಿತಿಯೊಳಗಿನ ಮನೆಯ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ. ನಿಮ್ಮ ಮಗನಿಗೆ ಎರಡು ವರ್ಷ ಉಳಿದಿದೆ ಎಂದುಕೊಳ್ಳಬೇಡಿ. ಯಂತ್ರದ ಪ್ರಯೋಗ, ಪರೀಕ್ಷೆ, ಕಾಗದಪತ್ರ, ಸರದಿ ಎಲ್ಲ ಸೇರಿ ಒಂದು ವರ್ಷ ಕಣ್ಣೆದುರೇ ಕರಗಿಹೋಗುತ್ತದೆ. ಶಸ್ತ್ರಚಿಕಿತ್ಸೆ ಉಚಿತವಾದರೂ ಆಮೇಲಿನ ವೈರು, ಕಾಯಿಲ್, ಬ್ಯಾಟರಿಗಳ ಖರ್ಚು ನಿಲ್ಲುವುದಿಲ್ಲ, ಅದಕ್ಕೆಂದೇ ತಿಂಗಳು ತಿಂಗಳು ಬೇರೆ ಎತ್ತಿಡಿ. ಮಲೆನಾಡಿನ ಮಳೆಗೆ ಯಂತ್ರ ಬಹಳ ಬೇಗ ಕೆಡುತ್ತದೆ. ರಾತ್ರಿ ಸಿಲಿಕಾ ಹರಳಿನ ಡಬ್ಬಿಯಲ್ಲಿಡಬೇಕು. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೆ ಮತ್ತೆ ನೀಲಿಗೆ ಬರುತ್ತದೆ. ಜುಲೈ ತಿಂಗಳಲ್ಲಿ ನಾವು ವಾರಕ್ಕೆರಡು ಸಲ ಹುರಿಯುತ್ತಿದ್ದೆವು.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಬರೀ ಶ್ರವಣದೋಷವೆಂದು ಬರೆಸಿ ಸುಮ್ಮನಾಗಬೇಡಿ. ಚಲನೆ, ಬುದ್ಧಿಯ ಬೆಳವಣಿಗೆ ಎಲ್ಲವನ್ನೂ ತಜ್ಞರಿಂದ ಅಳೆಯಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ಬಹು ಅಂಗವೈಕಲ್ಯವೂ ಒಂದು. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಥೆರಪಿಯ ಖರ್ಚನ್ನೂ ಸೇರಿಸಿ ಕೊಡುತ್ತದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಂಗವೈಕಲ್ಯ ಇರುವವರಿಗೆ ಮಾತ್ರ. ಕಿವುಡೊಂದೇ ಇದ್ದರೆ ಸಿಗುವುದಿಲ್ಲ. ಇದು ತಿಳಿಯದೆ ನಾವು ಎರಡು ವರ್ಷ ಕಳೆದುಕೊಂಡೆವು. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹಿಡಿಯಿರಿ, ಅರ್ಧ ಓಡಾಟ ತಪ್ಪುತ್ತದೆ.

ಧಾರವಾಡದ ಕಿವುಡ ಶಿಕ್ಷಕ

ನಾನು ಹುಟ್ಟು ಕಿವುಡ. ಇಲ್ಲಿಯವರೆಗೆ ಎಲ್ಲರೂ ಕಿವಿಯ ಬಗ್ಗೆ, ಕಾಲಿನ ಬಗ್ಗೆ ಬರೆದಿದ್ದೀರಿ. ಆ ಮಗು ಇವತ್ತು ಸಂಜೆ ತನ್ನ ತಾಯಿಗೆ ಹೊಟ್ಟೆ ನೋಯುತ್ತಿದೆ ಎಂದು ಹೇಗೆ ಹೇಳುತ್ತದೆ?

ನಾನು ಒಂಬತ್ತು ವರ್ಷದವನಾಗುವವರೆಗೆ ನನಗೆ ಯಾವ ಭಾಷೆಯೂ ಇರಲಿಲ್ಲ. ತುಟಿ ನೋಡು, ಬಾಯಿ ತೆರೆ ಎಂದರು; ಕೈ ಆಡಿಸಿದರೆ ಕೈ ಕಟ್ಟಿಸಿದರು. ನನ್ನ ತಂಗಿಗೆ ಒಂದು ಹೆಸರಿದೆ, ಜನರಿಗೆಲ್ಲ ಹೆಸರುಗಳಿರುತ್ತವೆ ಎಂಬುದು ತಿಳಿದದ್ದೇ ಕಿವುಡ ಮಕ್ಕಳ ಶಾಲೆಗೆ ಸೇರಿ ಸಂಜ್ಞೆ ಕಲಿತ ಮೇಲೆ. ಈಗಲೂ ಊಟಕ್ಕೆ ಕೂತಾಗ ಮನೆಯವರೆಲ್ಲ ಒಟ್ಟಿಗೆ ನಕ್ಕರೆ ನಾನು ಯಾಕೆಂದು ಕೇಳುತ್ತೇನೆ, 'ಆಮೇಲೆ ಹೇಳ್ತೀನಿ' ಎನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಇಂಪ್ಲಾಂಟ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಆಗುವವರೆಗೆ, ಆಗಿ ಅದರ ಫಲ ಕಾಣುವವರೆಗೆ ಮಗುವನ್ನು ಭಾಷೆಯಿಲ್ಲದೆ ಕೂರಿಸಬೇಡಿ ಎನ್ನುತ್ತಿದ್ದೇನೆ. ಸ್ನಾನದ ಹೊತ್ತಿಗೆ ಯಂತ್ರ ಕಿವಿಯಲ್ಲಿರುವುದಿಲ್ಲ, ಮಲಗುವಾಗ ಇರುವುದಿಲ್ಲ, ಕೆಟ್ಟಾಗ ಇರುವುದಿಲ್ಲ. ಹೊಸದಿಲ್ಲಿಯ ಭಾರತೀಯ ಸಂಜ್ಞಾ ಭಾಷಾ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ವಿಡಿಯೊಗಳಿವೆ, ಹಣ ಕೊಡಬೇಕಾಗಿಲ್ಲ. ದಿನಕ್ಕೆ ಎರಡೇ ಪದ ಕಲಿಯಿರಿ. ಅವನ ಬೆರಳು ಬಿಗಿಯಾಗಿದ್ದರೆ ಸಂಜ್ಞೆ ಸೊಟ್ಟಗೆ ಬಂದೀತು, ಸರಿಪಡಿಸಲು ಹೋಗದೆ ಒಪ್ಪಿಕೊಳ್ಳಿ. ಅಕ್ಕನಿಗೂ ಕಲಿಸಿ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಉಡುಪಿಯ ತಾಯಿ

ಗೌರವದಿಂದಲೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ನನ್ನ ಮಗಳಿಗೆ ಇಂಪ್ಲಾಂಟ್ ಆಗಿ ಆರು ವರ್ಷವಾಯಿತು, ಇವತ್ತು ಅವಳು ಕನ್ನಡ ಮಾತನಾಡುತ್ತಾಳೆ, ಫೋನಿನಲ್ಲಿ ಅಜ್ಜನ ಜೊತೆ ತುಳುವಿನಲ್ಲೂ ನಾಲ್ಕು ಮಾತು ಆಡುತ್ತಾಳೆ. ಅದು ಬಂದದ್ದು ಎಚ್ಚರವಿರುವ ಪ್ರತಿ ಗಳಿಗೆಯೂ ಯಂತ್ರ ಹಾಕಿಸಿ, ತುಟಿ ಕಾಣದಂತೆ ಬಾಯಿ ಮರೆಮಾಡಿಕೊಂಡೇ ಕೇಳಿಸಿ ಕೇಳಿಸಿ ಕಲಿಸಿದ್ದರಿಂದ. ಕೈ ಸನ್ನೆ ಸುಲಭವಾಗಿ ಸಿಕ್ಕಿದರೆ ಮಗು ಕೇಳುವ ಕಷ್ಟಕ್ಕೆ ಹೋಗುವುದಿಲ್ಲವೆಂಬ ಭಯ ನನಗೆ ಇತ್ತು, ಈಗಲೂ ಸ್ವಲ್ಪ ಇದೆ.

ಕನ್ನಡದ ಕಷ್ಟವನ್ನೂ ನೋಡಿ. ಪಾಪ, ಮಾಮ ಎರಡೂ ತುಟಿಯ ಮೇಲೆ ಒಂದೇ ತರಹ ಕಾಣುತ್ತವೆ. ಹಲ್ಲಿ, ಹಳ್ಳಿ ಎಂದಾಗ ನಾಲಿಗೆ ಒಳಗೆಲ್ಲೋ ಮಡಚುತ್ತದೆ, ಕಣ್ಣಿಗೆ ಏನೂ ಸಿಗುವುದಿಲ್ಲ. ಇನ್ನು ಮನೆಗೆ, ಮನೆಯಲ್ಲಿ, ಮನೆಯಿಂದ ಎನ್ನುವಾಗ ಅರ್ಥ ಬದಲಾಗುವುದೆಲ್ಲ ಪದದ ಬಾಲದಲ್ಲಿ, ನಾವು ಅದನ್ನೇ ಅತ್ಯಂತ ಮೆಲ್ಲಗೆ ನುಂಗಿ ಹೇಳುತ್ತೇವೆ. ನನ್ನ ಮಗಳು ಒಂದು ವರ್ಷ ಪೂರ್ತಿ 'ಅಮ್ಮ ಮನೆ ಹೋಗು' ಎನ್ನುತ್ತಿದ್ದಳು. 'ಮನೆಗೆ' ಎಂಬ ಆ ಒಂದು 'ಗೆ' ಬಂದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಕಿವಿಯಿಂದ ಬಾರದೆ ಅದು ಎಲ್ಲಿಂದ ಬರಬೇಕಿತ್ತು?

ಮೈಸೂರಿನ ಶ್ರವಣ ತಜ್ಞೆ

ಉಡುಪಿಯವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ, ಪ್ರತ್ಯಯದ ಮಾತು ನೂರಕ್ಕೆ ನೂರು ನಿಜ. ಆದರೆ ಅವರ ಮಗಳಿಗೆ ಇದ್ದದ್ದು ಕಿವಿಯ ತೊಂದರೆಯೊಂದೇ. ಇಂಪ್ಲಾಂಟ್ ಸದ್ದನ್ನು ಕೊಡುತ್ತದೆ, ಮಾತನ್ನು ಕೊಡುವುದಿಲ್ಲ. ಮಾತನ್ನು ಮಿದುಳು ಕಟ್ಟಿಕೊಳ್ಳಬೇಕು, ಬಾಯಿಯ ಸ್ನಾಯುಗಳು ಅದಕ್ಕೆ ಒಗ್ಗಬೇಕು. ಕಾಮಾಲೆಯ ಪೆಟ್ಟು ತಿಂದ ಮಗುವಿಗೆ ಅದರಲ್ಲೂ ಅಡೆತಡೆ ಇರಬಹುದು. ಸಂಜ್ಞೆಯಿಂದ ಮಾತು ನಿಂತುಹೋಗುವುದನ್ನು ನನ್ನ ಅನುಭವದಲ್ಲಿ ನಾನು ಕಂಡಿಲ್ಲ. ಏನೂ ಹೇಳಲಾಗದ ಮಗು ತಲೆ ಚಚ್ಚಿಕೊಳ್ಳುವುದನ್ನು ಮಾತ್ರ ಬಹಳ ಸಲ ಕಂಡಿದ್ದೇನೆ. ಎರಡನ್ನೂ ಒಟ್ಟಿಗೆ ನಡೆಸಿ. ಯಂತ್ರ ಹಾಕಿದ ಮೇಲೆ ಪ್ರತಿ ಬೆಳಿಗ್ಗೆ ಬಾಯಿ ಮರೆಮಾಡಿ ಆ, ಈ, ಊ, ಶ್, ಸ್, ಮ್ ಈ ಆರು ಸದ್ದುಗಳನ್ನು ಕೇಳಿಸಿ ನೋಡಿ. ದಪ್ಪ ಸದ್ದಿನಿಂದ ತೆಳು ಸದ್ದಿನವರೆಗೆ ಮಾತಿನ ಹರವೆಲ್ಲ ಅದರಲ್ಲಿ ಬರುತ್ತದೆ, ಯಂತ್ರ ಕೆಟ್ಟಿದ್ದರೆ ಅಂದೇ ತಿಳಿಯುತ್ತದೆ. ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸದೆ ಕೇಳಲು ಶುರುಮಾಡಿದ ದಿನದಿಂದ ಎಣಿಸಿ.

ನ್ಯೂಜೆರ್ಸಿಯ ಕನ್ನಡಿಗ ತಂದೆ

ನನ್ನ ಮಗನಿಗೆ ಇಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಸ್ಪತ್ರೆಯಲ್ಲೇ ಕಿವಿಯ ತಪಾಸಣೆಯಾಯಿತು, ಮೂರು ವರ್ಷ ತುಂಬುವವರೆಗೆ ತರಬೇತುದಾರರು ಮನೆಗೇ ಬಂದರು, ಆಮೇಲೆ ಶಾಲೆಯ ವ್ಯವಸ್ಥೆ ವಹಿಸಿಕೊಂಡಿತು. ಆ ಮಟ್ಟಿಗೆ ನಮ್ಮ ಕಷ್ಟ ಕಡಿಮೆ. ಆದರೆ ಮಗುವಿಗೆ ಎರಡು ತೊಂದರೆ ಇರುವಾಗ ಎರಡು ಭಾಷೆ ಹೊರೆಯಾಗುತ್ತದೆ, ಮನೆಯಲ್ಲಿ ಇಂಗ್ಲಿಷೇ ಇರಲಿ ಎಂದು ಒಬ್ಬರು ಹೇಳಿದ್ದನ್ನು ನಂಬಿ ಒಂದು ವರ್ಷ ಕನ್ನಡ ಬಿಟ್ಟೆವು. ನನ್ನ ಹೆಂಡತಿಗೆ ಇಂಗ್ಲಿಷಿನಲ್ಲಿ ಮುದ್ದು ಮಾಡಲು ಬರುವುದಿಲ್ಲ. ಅವಳು ಮಗನ ಜೊತೆ ಮಾತನಾಡುವುದನ್ನೇ ಕಡಿಮೆ ಮಾಡಿಬಿಟ್ಟಳು. ಎರಡನೆಯ ತರಬೇತುದಾರರು ಅದನ್ನು ಗಮನಿಸಿ, ನೀವು ಯಾವ ಭಾಷೆಯಲ್ಲಿ ಧಾರಾಳವಾಗಿ ಮಾತನಾಡಬಲ್ಲಿರೋ ಅದನ್ನೇ ಆಡಿ ಎಂದರು. ಸಾಗರದ ತಾಯಿಗೆ ಯಾರಾದರೂ ಈಗಲೇ ಇಂಗ್ಲಿಷ್ ಮಾಧ್ಯಮದ ಮಾತೆತ್ತಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಂಡ್ಯದ ಅಜ್ಜಿ

ನಾನೂ ಮೊಮ್ಮಗನ ನಾಲಿಗೆಗೆ ಬಜೆ ಹಚ್ಚಿದವಳೇ. ನಿಮ್ಮ ಅತ್ತೆಯವರ ಮೇಲೆ ಬೇಸರ ಇಟ್ಟುಕೊಳ್ಳಬೇಡಮ್ಮ, ಪ್ರೀತಿಯಿಂದಲೇ ಮಾಡಿರುತ್ತಾರೆ. ನಮ್ಮ ಮನೆಯಲ್ಲಿ ಸೊಸೆ ಕೆಲಸಕ್ಕೆ ಹೋಗುವವಳಾದ್ದರಿಂದ ತರಬೇತಿಗೆ ಮೈಸೂರಿನಲ್ಲಿ ಉಳಿದವಳು ನಾನು. ಅರವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ತರಗತಿಯಲ್ಲಿ ಕೂತೆ. ಕಾಳು ಆರಿಸುವಾಗ, ಸೊಪ್ಪು ಬಿಡಿಸುವಾಗ, ಸ್ನಾನ ಮಾಡಿಸುವಾಗ, ಅವನ ಮುಖಕ್ಕೆ ನೇರವಾಗಿ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕೂತು, ಒಂದೇ ಪದವನ್ನು ನೂರು ಸಲ ಹೇಳುವುದನ್ನು ಕಲಿಸಿದರು. ಅಷ್ಟು ತಾಳ್ಮೆ ಪ್ರಾಯದವರಿಗಿಂತ ನಮಗೇ ಹೆಚ್ಚು. ನಿಮ್ಮ ಅತ್ತೆಯವರಿಗೆ ಮೈಯಲ್ಲಿ ಶಕ್ತಿಯಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ತಿಂಗಳು ಬಿಟ್ಟು ತಿಂಗಳು ಇಬ್ಬರೂ ಹಂಚಿಕೊಳ್ಳಿ. ಮಗಳಿಗೂ ತಾಯಿ ಸಿಗುತ್ತಾಳೆ.

ಸಾಗರ ತಾಲೂಕಿನ ತಾಯಿ

ಎಲ್ಲರ ಮಾತನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಂಡ್ಯದ ಅಜ್ಜಿಯ ಮಾತು ಬಂದಾಗ ಅತ್ತೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಸ್ವಲ್ಪ ಹೊತ್ತು ಬಿಟ್ಟು ಅಲ್ಲಿ ಚಳಿ ಹೆಚ್ಚೇ ಎಂದು ಕೇಳಿದರು.

ಹೀಗೆ ತೀರ್ಮಾನವಾಗಿದೆ. ಮೇ ತಿಂಗಳು ಮಗಳಿಗೆ ರಜೆಯಿರುವುದರಿಂದ ನಾವು ಮೂವರೂ ಮೈಸೂರಿನಲ್ಲಿರುತ್ತೇವೆ, ಶಾಲೆ ಶುರುವಾದ ಮೇಲೆ ನಾನೂ ಅತ್ತೆಯವರೂ ಸರದಿಯಂತೆ ಇರುತ್ತೇವೆ. ಕಿವಿಯ ಯಂತ್ರದ ಪ್ರಯೋಗ ಮೊದಲ ವಾರದಿಂದಲೇ ಶುರು, ಫಿಸಿಯೋಥೆರಪಿಯೂ ಅದರ ಜೊತೆಗೇ. ನಡಿಗೆ ನೋಡುತ್ತಿರುವ ವೈದ್ಯರಿಗೆ ಬೆರಾ ವರದಿಯನ್ನೂ, ಕಾಮಾಲೆಯ ಹಳೆಯ ಕಾಗದಗಳನ್ನೂ ಒಟ್ಟಿಗೆ ತೋರಿಸಿದೆ. ಇವೆರಡನ್ನು ಜೋಡಿಸಿ ಯಾರೂ ತೋರಿಸಿರಲಿಲ್ಲ ಎಂದು ಅವರೇ ಹೇಳಿದರು, ಕಾಯಬೇಕೆಂಬ ಮಾತನ್ನು ಹಿಂದೆ ತೆಗೆದುಕೊಂಡರು.

ಧಾರವಾಡದ ಮಾಸ್ತರರಿಗೆ ಒಂದು ವಿಷಯ ಹೇಳಲೇಬೇಕು. ಹೆಸರಿನ ಬಗ್ಗೆ ನೀವು ಬರೆದದ್ದನ್ನು ಕೇಳಿ ಮಗಳು ತನಗೆ ತಾನೇ ಒಂದು ಸಂಜ್ಞೆ ಮಾಡಿಕೊಂಡಳು, ಭುಜದ ಹತ್ತಿರ ಜಡೆ ತಿರುವಿದ ಹಾಗೆ. ಹತ್ತು ದಿನ ತಮ್ಮನ ಎದುರು ಕೂತು ಅದನ್ನೇ ಮಾಡಿ ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದಳು, ಅವನು ಸುಮ್ಮನೆ ನೋಡುತ್ತಿದ್ದ. ಮೊನ್ನೆ ಅವಳು ಅಜ್ಜನ ಜೊತೆ ಪೇಟೆಗೆ ಹೋಗಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು, ಒಂದು ಕೈ ಬಿಟ್ಟು, ಭುಜದ ಹತ್ತಿರ ಮುಷ್ಟಿಯನ್ನು ಸೊಟ್ಟಗೆ ತಿರುಗಿಸಿ ನನ್ನ ಮುಖ ನೋಡಿದ. ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೂರನೆಯ ತಾರೀಖಿನ ರಾತ್ರಿ ರೈಲಿಗೆ ಟಿಕೆಟ್ ಆಗಿದೆ. ಸಂಸ್ಥೆಯ ಹತ್ತಿರ ನೆಲಮಹಡಿಯಲ್ಲಿ, ಮೆಟ್ಟಿಲಿಲ್ಲದ ಒಂದು ಕೋಣೆ ಬಾಡಿಗೆಗೆ ಇರುವುದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.